ಕ್ರೌನ್ ಪಿನಿಯನ್ ಇಳಿಸುವ ಮುಂಚೆ ಆಯಿಲ್ ನೋಡಿ

ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಎಳೆತ ಹಂಚುವ ಗೇರ್ ಜೋಡಣೆ) ಶಬ್ದ ಮಾಡಿದರೆ ಎಲ್ಲರೂ ಮೊದಲು ಕೇಳುವುದು "ಎಲ್ಲಿಂದ ಬರ್ತಿದೆ?" ಅಂತ. ಗಾಡಿಯೊಳಗೆ ಕೂತು ಇದಕ್ಕೆ ಉತ್ತರ ಸಿಗುವುದು ಕಷ್ಟ. ಟೈರಿನ ಶಬ್ದ, ವೀಲ್ ಬೇರಿಂಗ್ ಶಬ್ದ, ಡಿಫರೆನ್ಷಿಯಲ್ ಶಬ್ದ ಮೂರೂ ಹಿಂದಿನ ಸೀಟಿನ ಕೆಳಗಿಂದ ಬಂದ ಹಾಗೆಯೇ ಕೇಳುತ್ತವೆ. "ಯಾವಾಗ ಬರ್ತಿದೆ?" ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಗಾಡಿ ರಿಪೇರಿ ಮಾಡುವಾಗ ನಾನು ಹಿಡಿದ ದಾರಿ ಇದೇ.

ಗಾಡಿ 2009ರ ಹೋಂಡಾ ಸಿಆರ್-ವಿ. 2.4 ಲೀಟರ್ ಪೆಟ್ರೋಲ್, ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಮಾಡೆಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಸಕಲೇಶಪುರದ ಕಡೆ ತೋಟದ ರಸ್ತೆಗಳಿಗೆ ಇದಕ್ಕಿಂತ ಹಿತವಾದ ಗಾಡಿ ನನಗೆ ಸಿಕ್ಕಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಗೇಟಿನ ಹತ್ತಿರ ಸ್ಟೇರಿಂಗ್ ಫುಲ್ ಕಟ್ ಮಾಡಿ ತಿರುಗಿಸುವಾಗ ಹಿಂದಿನಿಂದ ಗೊರ್ರ್ ಅನ್ನಲು ಶುರುವಾಯಿತು. ಜೊತೆಗೆ ನೆಲದಲ್ಲಿ ಒಂದು ಸಣ್ಣ ನಡುಕ. ಗ್ಯಾರೇಜೊಂದರಲ್ಲಿ ತೋರಿಸಿದೆ. ಒಂದು ರೌಂಡ್ ಓಡಿಸಿ ಬಂದ ಮೆಕ್ಯಾನಿಕ್, "ಕ್ರೌನ್ ಪಿನಿಯನ್ ಹೋಗಿದೆ ಸಾರ್, ಇಳಿಸಬೇಕು" ಅಂದ. ಅಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ, ಸಣ್ಣ ಹಲ್ಲುಚಕ್ರಗಳ ಜೋಡಿ. ಸೆಟ್ಟಿನ ಬೆಲೆ ಮತ್ತು ಕೂಲಿ ಸೇರಿಸಿ ಅವನು ಹೇಳಿದ ಮೊತ್ತ ದೊಡ್ಡದಿತ್ತು. ಗಾಡಿ ಬಿಡಲಿಲ್ಲ, ಮನೆಗೆ ತಂದೆ.

ನನಗೆ ಅನುಮಾನ ಬಂದಿದ್ದು ಶಬ್ದದ ಹೊತ್ತಿನಿಂದ. ನೇರ ರಸ್ತೆಯಲ್ಲಿ ಎಷ್ಟೇ ವೇಗಕ್ಕೆ ಹೋದರೂ ಶಬ್ದ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ತಿರುಗಿಸಿದರೂ ಇಲ್ಲ. ಒಂದಷ್ಟು ದೂರ ಓಡಿ ಬಿಸಿಯಾದ ಮೇಲೆ, ನಿಧಾನ ವೇಗದಲ್ಲಿ, ಪೂರ್ತಿ ತಿರುವಿನಲ್ಲಿ ಮಾತ್ರ. ಕ್ರೌನ್ ಪಿನಿಯನ್ನಿನ ಹಲ್ಲು ಹೋಗಿದ್ದರೆ ಶಬ್ದ ಹೀಗೆ ತಿರುವಿಗಾಗಿ ಕಾಯುವುದಿಲ್ಲ. ಅದು ನೇರ ರಸ್ತೆಯಲ್ಲೇ ಒಂದು ವೇಗಕ್ಕೆ ಊಂ ಅಂತ ಊಳಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು.

ಆದರೂ ಉಳಿದವುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟೆ. ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದೆ, ಶಬ್ದ ಇಲ್ಲ. ಹಾಗಾಗಿ ಪವರ್ ಸ್ಟೇರಿಂಗ್ ಪಂಪ್ ಅಲ್ಲ. ಮುಂದಿನ ಆಕ್ಸಲ್ ಜಾಯಿಂಟ್ ಹೋಗಿದ್ದರೆ ತಿರುವಿನಲ್ಲಿ ಟಕ್ ಟಕ್ ಅಂತ ಬಿಡಿಬಿಡಿಯಾಗಿ ಬಡಿಯುತ್ತದೆ, ಹೀಗೆ ಗೊರಗುಟ್ಟುವುದಿಲ್ಲ. ವೀಲ್ ಬೇರಿಂಗಿಗೆ ಹೆದ್ದಾರಿಯಲ್ಲಿ ನೋಡಿದೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಳೆದಾಗ ಭಾರ ಒಂದು ಬದಿಗೆ ಬೀಳುತ್ತದೆ. ಆಗ ಶಬ್ದ ಏರಿಳಿದರೆ ಬೇರಿಂಗ್ ಅನ್ನಬಹುದು. ನಮ್ಮದರಲ್ಲಿ ಏನೂ ಬದಲಾಗಲಿಲ್ಲ. ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲೆ ಇಡಬೇಕು. ಬೇರಿಂಗ್ ಸವೆದಿದ್ದರೆ ಕಿವಿಗೆ ಕೇಳದಿದ್ದರೂ ಆ ಗರಗರ ಬೆರಳಿಗೆ ತಿಳಿಯುತ್ತದೆ. ನಮ್ಮ ಎರಡೂ ಚಕ್ರ ನುಣ್ಣಗೆ ತಿರುಗಿದವು.

ಟೈರು ನೋಡುವುದನ್ನು ಬಿಡಬೇಡಿ. ಇಂಥ ಗಾಡಿಗಳಲ್ಲಿ ನಾಲ್ಕೂ ಟೈರು ಒಂದೇ ಸೈಜ್ ಇದ್ದರೆ ಸಾಲದು, ಸವೆತವೂ ಹತ್ತಿರಹತ್ತಿರ ಇರಬೇಕು. ಮುಂದೆ ಬೋಳು, ಹಿಂದೆ ಹೊಸದು ಅಂತಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಸುತ್ತು ಯಾವತ್ತೂ ಹೊಂದುವುದಿಲ್ಲ. ನೇರ ರಸ್ತೆಯಲ್ಲೂ ಹಿಂದಿನ ಚಕ್ರಗಳಿಗೆ ಎಳೆತ ಕೊಡುವ ಕ್ಲಚ್‌ಗೆ ಬಿಡುವಿಲ್ಲದ ಕೆಲಸ. ದುಡ್ಡು ಉಳಿಸಲು ಎರಡೇ ಟೈರು ಹಾಕಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕೊನೆಗೆ ಉಳಿದದ್ದು ಆ ಕ್ಲಚ್. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮಾಮೂಲಿ ಓಡಾಟದಲ್ಲಿ ಮುಂದಿನ ಚಕ್ರಗಳೇ ಗಾಡಿ ಎಳೆಯುತ್ತವೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್ (ಹೊರಗಿನ ಲೋಹದ ಪೆಟ್ಟಿಗೆ) ಒಳಗೆ ಎರಡು ಪುಟ್ಟ ಪಂಪುಗಳಿವೆ. ಒಂದನ್ನು ಮುಂದಿನಿಂದ ಬರುವ ಪ್ರೊಪೆಲರ್ ಶಾಫ್ಟ್ ತಿರುಗಿಸುತ್ತದೆ, ಇನ್ನೊಂದನ್ನು ಹಿಂದಿನ ಚಕ್ರಗಳು. ಎರಡೂ ಸಮ ವೇಗದಲ್ಲಿದ್ದರೆ ಒಂದು ದೂಡಿದ ಆಯಿಲನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಒತ್ತಡ ಏರುವುದಿಲ್ಲ. ಕೆಸರಿನಲ್ಲಿ ಮುಂದಿನ ಚಕ್ರ ಸುಮ್ನೆ ಸುತ್ತಿದಾಗ ಮುಂದಿನ ಪಂಪಿನ ಆಯಿಲ್ ಮಿಗುತ್ತದೆ. ಮಿಕ್ಕ ಆಯಿಲಿನ ಒತ್ತಡ ಪಿಸ್ಟನ್ ತಳ್ಳಿ ಕ್ಲಚ್ ಪ್ಲೇಟುಗಳನ್ನು ಅದುಮುತ್ತದೆ, ಹಿಂದಿನ ಚಕ್ರಗಳಿಗೂ ಎಳೆತ ಸಿಗುತ್ತದೆ.

ತಿರುವಿನಲ್ಲಿ ಏನಾಗುತ್ತದೆ ನೋಡಿ. ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಮುಂದಿನ ಪಂಪ್ ಸ್ವಲ್ಪ ಜಾಸ್ತಿ ತಿರುಗುತ್ತದೆ, ಕ್ಲಚ್ ಅರ್ಧಂಬರ್ಧ ಹಿಡಿಯುತ್ತದೆ. ಆಯಿಲ್ ಚೆನ್ನಾಗಿದ್ದರೆ ಪ್ಲೇಟುಗಳು ನುಣ್ಣಗೆ ಜಾರುತ್ತವೆ. ಹಳೆಯದಾದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸಾಗುತ್ತವೆ. ಆ ಗೊರ್ರ್ ಅದೇ. ಹಲ್ಲು ಮುರಿದ ಶಬ್ದ ಅಲ್ಲ, ಪ್ಲೇಟು ತಡವರಿಸುವ ಶಬ್ದ.

ಹೀಗಾಗಿ ಇದಕ್ಕೆ ಮಾಮೂಲಿ 90 ಆಯಿಲ್ ಆಗುವುದಿಲ್ಲ. ಜೀಪು, ಪಿಕಪ್‌ಗಳ ಹೌಸಿಂಗಿಗೆ ಹಾಕುವ ಗೇರ್ ಆಯಿಲ್ ಹಲ್ಲುಗಳನ್ನು ಚೆನ್ನಾಗಿ ಕಾಯುತ್ತದೆ, ಆದರೆ ಈ ಪ್ಲೇಟುಗಳಿಗೆ ಬೇಕಾದ ಜಾರುವಿಕೆ ಅದರಲ್ಲಿಲ್ಲ. ಇಲ್ಲಿ ಹಲ್ಲು, ಪಂಪು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಹೋಂಡಾದವರು ಇದಕ್ಕೆಂದೇ ಡ್ಯುಯಲ್ ಪಂಪ್ ಫ್ಲೂಯಿಡ್ 2 ಅಂತ ಮಾಡುತ್ತಾರೆ. ನಾನು ಅದನ್ನೇ ತರಿಸಿದೆ. ಪ್ಲಗ್‌ಗಳಿಗೆ ಹೊಸ ವಾಷರ್‌ಗಳನ್ನೂ ತರಿಸಿದೆ.

ಕೆಲಸ ಮಾಡಿದ್ದು ಕಾಫಿ ಒಣಗಿಸುವ ಕಣದಲ್ಲಿ. ಸಿಮೆಂಟಿನ ನೆಲ, ಸಮತಟ್ಟು. ಆಯಿಲ್ ಮಟ್ಟ ಸರಿಯಾಗಿ ಕೂರಲು ಗಾಡಿ ಸಮವಾಗಿ ನಿಂತಿರಬೇಕು, ಹಿಂದೆ ಮಾತ್ರ ಎತ್ತಿದರೆ ಆಗದು. ಸಿಆರ್-ವಿ ಎತ್ತರದ ಗಾಡಿ ಆದ್ದರಿಂದ ಜಾಕಿ ಇಲ್ಲದೆಯೇ ಕೆಳಗೆ ತೂರಬಹುದು. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ಪ್ಲಗ್. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ಅಲುಗದೆ ಹೋದರೆ ಗಾಡಿ ಅಲ್ಲೇ ಕೂರುತ್ತದೆ. ಎರಡೂ ಪ್ಲಗ್‌ಗಳಲ್ಲಿ ಚೌಕದ ತೂತಿದೆ, 3/8 ಇಂಚಿನ ರ‍್ಯಾಚೆಟ್ ನೇರವಾಗಿ ಒಳಗೆ ಕೂರುತ್ತದೆ, ಸಾಕೆಟ್ ಬೇಡ. ನಮ್ಮದು ಮಳೆಯ ಊರು, ಪ್ಲಗ್ ಸುತ್ತ ಕೆಸರು ಗಟ್ಟಿಯಾಗಿ ಕೂತಿತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಬೆಳಿಗ್ಗೆ ಹಿಡಿಕೆಗೆ ಪೈಪ್ ಸಿಕ್ಕಿಸಿ ಎಳೆದಾಗ ಟಣ್ ಅಂತ ಬಿಟ್ಟಿತು.

ಕೆಳಗಿನಿಂದ ಬಂದ ಆಯಿಲ್ ಕಪ್ಪಗಿತ್ತು. ಸುಟ್ಟ ವಾಸನೆ. ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದೆ. ಈ ಇಡೀ ಕೆಲಸದಲ್ಲಿ ನಾನು ಅತಿ ಗಮನ ಕೊಟ್ಟು ನೋಡಿದ್ದು ಆ ಬಟ್ಟೆಯನ್ನೇ. ನುಣ್ಣನೆಯ ಬೂದು ಹುಡಿ ಇತ್ತು. ಬೆರಳಲ್ಲಿ ಉಜ್ಜಿದರೆ ಕಾಡಿಗೆಯ ಹಾಗೆ ಹರಡುತ್ತಿತ್ತು, ಉಗುರಿಗೆ ಏನೂ ತಾಗುತ್ತಿರಲಿಲ್ಲ. ಇದು ಸಹಜ ಸವೆತ. ಹೊಳೆಯುವ ಚೂರು, ಸೂಜಿಯಂಥ ಎಳೆ, ಹಲ್ಲಿನ ತುದಿ ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ ಹೌಸಿಂಗ್ ಬಿಚ್ಚಿಸುತ್ತಿದ್ದೆ.

ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಬಿಗಿ ಮಾಡಿದೆ. ಬಿಗಿತ 47 ನ್ಯೂಟನ್ ಮೀಟರ್. ಹೌಸಿಂಗ್ ಅಲ್ಯುಮಿನಿಯಮ್ಮಿನದು, ಜೋರಾಗಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ, ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ. ಕೈಪಂಪಿನಲ್ಲಿ ಮೇಲಿನ ತೂತಿನಿಂದ ಆಯಿಲ್ ಬಿಟ್ಟೆ. ತೂತಿನ ಅಂಚಿನಿಂದ ಹೊರಗೆ ಒಸರತೊಡಗಿದಾಗ ತುಂಬಿದೆ ಅಂತ ಲೆಕ್ಕ.

ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಿಸಿ ಮಾಡಿ ತಂದು, ಅದೇ ಕಣದಲ್ಲಿ ಫುಲ್ ಕಟ್ ಮಾಡಿ ಎಡಕ್ಕೊಂದಷ್ಟು, ಬಲಕ್ಕೊಂದಷ್ಟು ಸುತ್ತು ಹಾಕಿದೆ. ಹೊಸ ಆಯಿಲ್ ಪ್ಲೇಟುಗಳ ನಡುವೆ ಸೇರಲು ಇದು ಬೇಕು. ಮೊದಲ ಸುತ್ತುಗಳಲ್ಲಿ ಗೊರ್ರ್ ಇನ್ನೂ ಇತ್ತು. ಸುತ್ತುತ್ತಾ ಹೋದಂತೆ ತೆಳುವಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಪ್ಲೇಟುಗಳ ಸಂದಿಯಲ್ಲಿ ಹಳೇ ಆಯಿಲ್ ಉಳಿದೇ ಇರುತ್ತದೆ ಅಲ್ವಾ? ಕೆಲವು ದಿನ ಓಡಿಸಿ ಇನ್ನೊಮ್ಮೆ ಇಳಿಸಿ ತುಂಬಿದೆ. ಆ ಸಲ ಬಂದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಕಪ್ಪಿರಲಿಲ್ಲ. ಅದರ ನಂತರ ಗೇಟಿನ ತಿರುವಿನಲ್ಲಿ ಶಬ್ದವೂ ಇಲ್ಲ, ನಡುಕವೂ ಇಲ್ಲ. ಕ್ರೌನ್ ಪಿನಿಯನ್ ಇವತ್ತಿಗೂ ಹಳೆಯದೇ.

ಎಲ್ಲ ಶಬ್ದವೂ ಆಯಿಲಿಗೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾವನ ಜೀಪಿನಲ್ಲಿ ನೇರ ರಸ್ತೆಯಲ್ಲೇ ಊಳಿಡುವ ಶಬ್ದವಿತ್ತು, ಆಕ್ಸಿಲರೇಟರ್ ಬಿಟ್ಟ ತಕ್ಷಣ ಸ್ವರ ಬದಲಾಗುತ್ತಿತ್ತು. ಆಯಿಲ್ ಬದಲಿಸಿದರೆ ಒಂದೆರಡು ದಿನ ಮೆತ್ತಗಾಗುತ್ತದೆ, ಅಷ್ಟೇ. "ಭಾವ, ಇದನ್ನ ಬಿಚ್ಚಿಸಲೇಬೇಕು" ಅಂದೆ. ಹಾಸನದಲ್ಲಿ ಬಿಚ್ಚಿಸಿದಾಗ ಪಿನಿಯನ್ ಬೇರಿಂಗ್ ಸವೆದು ಹಲ್ಲುಗಳ ಹೊಂದಿಕೆ ತಪ್ಪಿತ್ತು. ಅಲ್ಲಿ ನಾನು ಪಾನಾ ಮುಟ್ಟಲಿಲ್ಲ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದವು, ಒಂದನ್ನು ಮಾತ್ರ ಬದಲಿಸಬಾರದು. ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ, ಹಲ್ಲಿಗೆ ನೀಲಿ ಬಳಿದು ಗುರುತು ನೋಡಿ, ಡಯಲ್ ಗೇಜಿನಲ್ಲಿ ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆಯಬೇಕು. ಆ ಪ್ಲೇ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು. ಅದು ಕೈ ಪಳಗಿದವರ ಕೆಲಸ.

ಮಲೆನಾಡಿನಲ್ಲಿ ಹಳ್ಳ ದಾಟುವವರಿಗೆ ಇನ್ನೊಂದು ವಿಷಯ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಹೌಸಿಂಗಿಗೆ ಗಾಳಿಯಾಡುವ ದಾರಿ) ನೀರಿನಲ್ಲಿ ಮುಳುಗಿದ್ದರೂ, ಆಯಿಲ್ ಸೀಲ್ ಹಳೆಯದಾಗಿದ್ದರೂ ನೀರು ಒಳಗೆ ಎಳೆಯಲ್ಪಡುತ್ತದೆ. ಮಳೆಗಾಲ ಮುಗಿದ ಮೇಲೆ ಮೇಲಿನ ಪ್ಲಗ್ ಬಿಚ್ಚಿ, ಕಿರುಬೆರಳು ಹಾಕಿ ಆಯಿಲ್ ನೋಡಿ. ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಅಂತಲೇ. ಎಷ್ಟು ಕಿಲೋಮೀಟರ್ ಓಡಿದೆ ಅಂತ ನೋಡಬೇಡಿ, ಆ ವಾರವೇ ಬದಲಿಸಿ.