ರೆಗ್ಯುಲೇಟರ್ ನಡುಗದಂತೆ ಕೆಪಾಸಿಟರ್ ಹಾಕುವುದು ಹೇಗೆ?

ಮಲ್ಟಿಮೀಟರ್ 3.3 ವೋಲ್ಟ್ ಅಂತ ಸರಿಯಾಗೇ ತೋರಿಸುತ್ತದೆ. ಆದರೂ ಬೋರ್ಡ್ ಆಗಾಗ ರೀಸೆಟ್ ಆಗುತ್ತದೆ, ಲೋಡ್ ಇಲ್ಲದೆಯೂ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಚಿಪ್) ಬಿಸಿಯಾಗುತ್ತದೆ. ಆಸಿಲೋಸ್ಕೋಪ್ ಇಟ್ಟರೆ ಔಟ್‌ಪುಟ್ ಗೆರೆ ಗರಗಸದ ಹಲ್ಲಿನಂತೆ ಕುಣಿಯುತ್ತಿರುತ್ತದೆ. ಇಂಥ ಬೋರ್ಡುಗಳು ನನ್ನ ಕೈಗೆ ಬಹಳ ಬಂದಿವೆ. ಹೆಚ್ಚಿನವುಗಳಲ್ಲಿ ತಪ್ಪು ಔಟ್‌ಪುಟ್ ಕೆಪಾಸಿಟರ್‌ನದ್ದೇ.

1. ಮೊದಲು ಡೇಟಾಶೀಟ್ ತೆಗೆಯಿರಿ. 5 ವೋಲ್ಟ್ ಕೊಡುವ ಹಳೆಯ 7805 ರೆಗ್ಯುಲೇಟರ್ ಆದರೆ ಇನ್‌ಪುಟ್‌ಗೆ 0.33, ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಸಾಕು.

2. ಇನ್‌ಪುಟ್ ಕೆಪಾಸಿಟರನ್ನು ರೆಗ್ಯುಲೇಟರ್ ಕಾಲಿಗೆ ಅಂಟಿದಷ್ಟು ಹತ್ತಿರ ಬೆಸೆಯಿರಿ.

3. ಔಟ್‌ಪುಟ್. ಇಲ್ಲಿ ನಿಧಾನಿಸಿ. ರೆಗ್ಯುಲೇಟರ್ ತನ್ನ ಔಟ್‌ಪುಟ್ ನೋಡಿಕೊಂಡು ತಾನೇ ತಿದ್ದಿಕೊಳ್ಳುತ್ತದೆ. ತಿದ್ದುವುದು ತಡವಾದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗುತ್ತಾ ಆಸಿಲೇಶನ್ ಶುರುವಾಗುತ್ತದೆ. ಹಳೆಯ ಎಲ್‌ಡಿಒಗಳಲ್ಲಿ (ಇನ್‌ಪುಟ್ ಔಟ್‌ಪುಟ್‌ಗಿಂತ ಸ್ವಲ್ಪವೇ ಹೆಚ್ಚಿದ್ದರೂ ನಡೆಯುವ ರೆಗ್ಯುಲೇಟರ್) ಈ ತಡವನ್ನು ಸರಿಪಡಿಸುವುದು ಕೆಪಾಸಿಟರ್ ಒಳಗಿನ ಸಣ್ಣ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್. ಅಂಥದ್ದೇ ಒಂದಾದ ಎಲ್‌ಎಂ1117ಗೆ 10 ಮೈಕ್ರೋಫ್ಯಾರಡ್ ಟ್ಯಾಂಟಲಂ ಕೆಪಾಸಿಟರ್ ಬೇಕು, ಇಎಸ್‌ಆರ್ 0.3ರಿಂದ 22 ಓಮ್ ಒಳಗಿರಬೇಕು. ಸೆರಾಮಿಕ್ ಕೆಪಾಸಿಟರ್‌ನ ಇಎಸ್‌ಆರ್ ಕೆಲವೇ ಮಿಲಿಓಮ್. "ಇಎಸ್‌ಆರ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅಲ್ವಾ?" ಅಂತ ಅದನ್ನೇ ಹಾಕುತ್ತಾರೆ, ಎಡವುವುದು ಅಲ್ಲೇ. ಸೆರಾಮಿಕ್ಕೇ ಇದ್ದರೆ ಅದರ ಸರಣಿಯಲ್ಲಿ 0.5 ಓಮ್ ರೆಸಿಸ್ಟರ್ ಹಾಕಿ. ನನ್ನ ಆಯ್ಕೆ ಮಾತ್ರ ಟ್ಯಾಂಟಲಂ. ಅದರ ಪಕ್ಕದಲ್ಲೇ ದೊಡ್ಡ ಸೆರಾಮಿಕ್ ಇಡಬೇಡಿ, ಮಾಡಿದ್ದೆಲ್ಲ ಹಾಳಾಗುತ್ತದೆ.

ಸೆರಾಮಿಕ್‌ಗೆಂದೇ ಮಾಡಿದ ಹೊಸ ಎಲ್‌ಡಿಒಗಳೂ ಇವೆ. ಅಲ್ಲಿ ಇನ್ನೊಂದು ಎಚ್ಚರ ಬೇಕು: 6.3 ವೋಲ್ಟಿನ ಪುಟ್ಟ 10 ಮೈಕ್ರೋಫ್ಯಾರಡ್ ಸೆರಾಮಿಕ್‌ಗೆ 5 ವೋಲ್ಟ್ ಕೊಟ್ಟರೆ ಅದರ ಕೆಪಾಸಿಟೆನ್ಸ್ ಅರ್ಧವೂ ಉಳಿಯದೆ ಹೋಗಬಹುದು. ಸೆರಾಮಿಕ್‌ನಲ್ಲಿ ಎಕ್ಸ್7ಆರ್ ತರದ್ದನ್ನೇ, ಅದು ತಾಳುವ ವೋಲ್ಟೇಜ್ ದುಪ್ಪಟ್ಟು ಇರುವಂತೆ ತೆಗೆದುಕೊಳ್ಳಿ. ವೈ5ವಿ ತರದ್ದು ಅಗ್ಗ ಅಂತ ಕೊಳ್ಳಬೇಡಿ. ತಾಪಮಾನ ಬದಲಾದರೆ ಅದರ ಕೆಪಾಸಿಟೆನ್ಸ್ ಶೇ 82ರವರೆಗೂ ಇಳಿಯಬಹುದು.

4. ಪರೀಕ್ಷೆ. ಪ್ರೋಬ್‌ನ ಗ್ರೌಂಡ್ ವೈರ್ ಚಿಕ್ಕದಿರಲಿ. ಆಸಿಲೋಸ್ಕೋಪಿನಲ್ಲಿ ಎಸಿ ಕಪ್ಲಿಂಗ್ (ಏರಿಳಿತವನ್ನಷ್ಟೇ ತೋರಿಸುವ ಸೆಟ್ಟಿಂಗ್) ಹಾಕಿ, ಲೋಡನ್ನು ಥಟ್ಟನೆ ಸೇರಿಸಿ, ತೆಗೆಯಿರಿ. ಗೆರೆ ಒಂದೆರಡು ಸಲ ತೂಗಿ ನಿಂತರೆ ಸರಿ. ತೂಗುತ್ತಲೇ ಇದ್ದರೆ ಮೂರನೇ ಹಂತಕ್ಕೇ ವಾಪಸ್ ಹೋಗಿ. ಅಲ್ಯೂಮಿನಿಯಂ ಎಲೆಕ್ಟ್ರೊಲೈಟಿಕ್ ಹಾಕಿದ್ದರೆ ಬೋರ್ಡನ್ನು ತಣ್ಣಗೆ ಮಾಡಿಯೂ ನೋಡಿ, ಚಳಿಯಲ್ಲಿ ಅದರ ಇಎಸ್‌ಆರ್ ಏರುತ್ತದೆ.