ನಿಮ್ಮ ಕಥೆಯ ಮಾಂತ್ರಿಕರಿಗೆ ಸ್ಕೂಲು, ರ‍್ಯಾಂಕು ಕಟ್ಟೋದು ಹೆಂಗೆ

ಫ್ಯಾಂಟಸಿ ಬರೆಯೋ ಹುಡುಗರ ಡ್ರಾಫ್ಟ್ ಓದ್ತಾ ಇದ್ರೆ ಮಾಂತ್ರಿಕರ ವಿಷ್ಯ ಬಂದ ತಕ್ಷಣ ಎಲ್ಲಾ ಕಡೆ ಒಂದೇ ರಾಗ. ಲೆವೆಲ್ ಒಂದು, ಲೆವೆಲ್ ಎರಡು, ಹಿಂಗೇ ಒಂಬತ್ತರವರೆಗೆ. ಏಳನೇ ಲೆವೆಲ್‌ನವನು ಐದನೇ ಲೆವೆಲ್‌ನವನಿಗೆ ಬಾರಿಸ್ತಾನೆ, ಒಂಬತ್ತನೇಯವನು ಎಲ್ಲರಿಗೂ ಬಾರಿಸ್ತಾನೆ, ಕಥೆ ಮುಗೀತು. ಓದೋರಿಗೆ ಮೂರನೇ ಫೈಟ್‌ಗೇ ಆಕಳಿಕೆ ಬರತ್ತೆ, ಯಾಕಂದ್ರೆ ಯಾರು ಗೆಲ್ತಾರೆ ಅಂತ ನಂಬರ್ ನೋಡಿದ್ರೇ ಗೊತ್ತಾಗೋಗತ್ತೆ.

ನನ್ನ ಪ್ರಕಾರ ರ‍್ಯಾಂಕ್ ಅಂದ್ರೆ ಪರ್ಮಿಷನ್ನು. ಯಾರು ಏನು ಮಾಡಬಹುದು, ಆ ಪರ್ಮಿಷನ್ ಕೊಟ್ಟೋರು ಯಾರು, ಎಡವಟ್ಟಾದ್ರೆ ಅದು ಯಾರ ತಲೆಗೆ ಬರತ್ತೆ, ಈ ಮೂರಕ್ಕೆ ಉತ್ತರ ಇದ್ರೆ ರ‍್ಯಾಂಕ್ ತಾನಾಗೇ ಹುಟ್ಟತ್ತೆ. ದೊಡ್ಡಾಸ್ಪತ್ರೆಲಿ ಹೌಸ್ ಸರ್ಜನ್ ಕೈ ಎಷ್ಟೇ ಚುರುಕಾಗಿದ್ರೂ ಸೀನಿಯರ್ ಹೂಂ ಅನ್ನದೆ ಹೊಟ್ಟೆ ಕೊಯ್ಯೋ ಹಂಗಿಲ್ಲ, ಆ ಸೀನಿಯರ್‌ಗಿಂತ ಇವನ ಕೈಯೇ ಚೆನ್ನಾಗಿರಬಹುದು, ಆದ್ರೂ ಇಲ್ಲ. ಕಥೆ ಇರೋದು ಆ "ಆದ್ರೂ ಇಲ್ಲ" ಅನ್ನೋದ್ರಲ್ಲಿ.

ಹಂಗಾಗಿ ಕಟ್ಟಡ, ಗೋಪುರ, ಯೂನಿಫಾರ್ಮ್ ಇದೆಲ್ಲ ಯೋಚನೆ ಮಾಡೋಕೆ ಮುಂಚೆ ನಿಮ್ಮ ಲೋಕದಲ್ಲಿ ಮ್ಯಾಜಿಕ್ ಕೈತಪ್ಪಿದ್ರೆ ಏನಾಗತ್ತೆ ಅಂತ ಒಂದು ಸಾಲು ಬರ್ಕೊಳ್ಳಿ. ಮಾಡಿದವನೇ ಸಾಯ್ತಾನಾ? ಪಕ್ಕದ ಮನೆ ಸುಟ್ಟೋಗತ್ತಾ? ಮಾಡಿದವನಿಗೇ ಅಪಾಯ ಅಂದ್ರೆ ಒಬ್ಬ ಗುರು, ಒಬ್ಬ ಶಿಷ್ಯ ಸಾಕು. ಬೇರೆಯವರಿಗೆ ಅಪಾಯ ಅಂದ್ರೆ ಮಾತ್ರ ರಾಜನೋ, ಊರವರೋ ಬಂದು ಮೂಗು ತೂರಿಸ್ತಾರೆ, ಆವಾಗ ಪರೀಕ್ಷೆ, ಮುದ್ರೆ, ರಿಜಿಸ್ಟರ್ ಎಲ್ಲ ಬೇಕಾಗತ್ತೆ.

ಆಮೇಲೆ ಮಾದರಿ. ಸೊನ್ನೆಯಿಂದ ಕಲ್ಪಿಸ್ಕೊಳ್ಳೋ ಕಷ್ಟ ಬೇಡ, ಇತಿಹಾಸದಲ್ಲಿ ರೆಡಿ ಇದೆ, ಕದ್ದುಬಿಡಿ.

ಮೊದಲ್ನೇದು ಕಸುಬಿನ ಸಂಘ, ಅದೇ ಯುರೋಪಿನ ಗಿಲ್ಡು. ಅಪ್ರೆಂಟಿಸ್, ಆಮೇಲೆ ಕೂಲಿಗೆ ಕೆಲಸ ಮಾಡೋ ಕಸುಬಿ, ಆಮೇಲೆ ಮಾಸ್ಟರ್, ಮೂರೇ ಮೆಟ್ಲು. ಇಂಗ್ಲೆಂಡಲ್ಲಿ 1563ರ ಕಾನೂನು ಪ್ರಕಾರ ಕನಿಷ್ಠ ಏಳು ವರ್ಷ ಅಪ್ರೆಂಟಿಸ್ ಆಗಿರ್ಬೇಕು. ಮಾಸ್ಟರ್ ಮನೇಲೇ ಊಟ, ಅಲ್ಲೇ ನಿದ್ದೆ, ಅಷ್ಟು ವರ್ಷ ಮದುವೆ ಆಗೋ ಹಂಗಿಲ್ಲ, ಜೂಜಾಡೋ ಹಂಗಿಲ್ಲ, ಹೆಂಡದಂಗಡಿ ಮೆಟ್ಟಿಲು ಹತ್ತೋ ಹಂಗಿಲ್ಲ ಅಂತ ಕರಾರುಪತ್ರದಲ್ಲೇ ಬರೀತಿದ್ರು. ಹದಿನೈದು ವರ್ಷದ ಬೆಂಕಿ ಮಾಂತ್ರಿಕನಿಗೆ ಈ ಕರಾರು ಹಾಕಿ ನೋಡಿ, ಅರ್ಧ ಪ್ಲಾಟ್ ಅಲ್ಲೇ ಸಿಗತ್ತೆ. ಜರ್ಮನಿಯ ಬಡಗಿಗಳಲ್ಲಿ ಇನ್ನೊಂದು ಪದ್ಧತಿ ಇದೆ, ಕಮ್ಮಿ ಜನ ಆದ್ರೂ ಇವತ್ತಿಗೂ ಪಾಲಿಸ್ತಾರೆ: ಕಲಿಕೆ ಮುಗಿಸಿದ ಮೇಲೆ ಮೂರು ವರ್ಷ ಒಂದು ದಿನ ಊರೂರು ಅಲೀಬೇಕು, ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡೋ ಹಂಗಿಲ್ಲ, ಕರಿ ಡ್ರೆಸ್ಸು, ಅಗಲ ಹ್ಯಾಟು ನೋಡಿದ್ರೆ ಯಾರಾದ್ರೂ ಗುರುತು ಹಿಡೀತಾರೆ. ಆ ಗಡಿಯಿಂದ ಒಂದು ಹೆಜ್ಜೆ ಆಚೆ ನಿಂತಿರೋ ಮಾಂತ್ರಿಕನಿಗೆ ಅಮ್ಮನಿಗೆ ಹುಷಾರಿಲ್ಲ ಅಂತ ಸುದ್ದಿ ಬಂದ್ರೆ? ಡ್ರ್ಯಾಗನ್ ಯಾಕ್ರೀ ಬೇಕು.

ಇನ್ನೊಂದು ವಿಷ್ಯ, ಮಾಸ್ಟರ್‌ಗಳ ಸಂಖ್ಯೆ ಜಾಸ್ತಿ ಆದ್ರೆ ಸಂಪಾದನೆ ಹಂಚಿಹೋಗತ್ತೆ ಅಂತ ಗಿಲ್ಡ್‌ನವರು ಬೇಕಂತ್ಲೇ ಬಾಗ್ಲು ಬಿಗಿ ಮಾಡ್ತಿದ್ರು. ಸತ್ತ ಮಾಸ್ಟರ್‌ನ ಹೆಂಡ್ತಿನ ಮದುವೆ ಆಗಿ ವರ್ಕ್‌ಶಾಪ್ ಹಿಡಿಯೋದು ಮೇಲೆ ಹೋಗೋಕೆ ಇದ್ದ ಒಂದು ದಾರಿ. ಅಂದ್ರೆ ಮೇಲಿನ ರ‍್ಯಾಂಕ್ ಸಿಗದೇ ಇರೋಕೆ ಪ್ರತಿಭೆ ಕಮ್ಮಿ ಅನ್ನೋದೇ ಕಾರಣ ಆಗ್ಬೇಕಾಗಿಲ್ಲ, ಸೀಟ್ ಖಾಲಿ ಇಲ್ಲ ಅಷ್ಟೆ.

ಎರಡ್ನೇದು ವಿಶ್ವವಿದ್ಯಾಲಯ. ಎಲ್ಲರಿಗೂ ಇದೇ ಇಷ್ಟ, ಆದ್ರೆ ಎಲ್ಲರೂ ಇವತ್ತಿನ ಕಾಲೇಜ್ ಥರ ಬರೀತಾರೆ, ಟೈಮ್‌ಟೇಬಲ್, ಕ್ಯಾಂಟೀನ್ ಸಮೇತ. ಹಳೇದು ಇನ್ನೂ ವಿಚಿತ್ರವಾಗಿತ್ತು. ಇಟಲಿಯ ಬೊಲೋನ್ಯಾದಲ್ಲಿ ಸ್ಟೂಡೆಂಟ್‌ಗಳೇ ಸಂಘ ಕಟ್ಟಿ ಮೇಷ್ಟ್ರುಗಳನ್ನ ಆಟ ಆಡಿಸ್ತಿದ್ರು, ಪಾಠ ಲೇಟಾಗಿ ಶುರುಮಾಡಿದ್ರೆ ಮೇಷ್ಟ್ರಿಗೆ ದಂಡ, ಗಂಟೆ ಹೊಡೆದ ಮೇಲೂ ಎಳೆದ್ರೆ ದಂಡ, ಕಷ್ಟದ ಭಾಗ ಹಾರಿಸಿದ್ರೆ ಅದಕ್ಕೂ ದಂಡ. ಪ್ಯಾರಿಸ್‌ನಲ್ಲಿ ಉಲ್ಟಾ, ಅಲ್ಲಿ ಮೇಷ್ಟ್ರುಗಳದ್ದೇ ಸಂಘ. ಅಲ್ಲಿನ 1215ರ ನಿಯಮ ಏನಪ್ಪಾ ಅಂದ್ರೆ ಆರ್ಟ್ಸ್ ಪಾಠ ಮಾಡೋಕೆ ಆರು ವರ್ಷ ಓದಿರ್ಬೇಕು, 21 ವರ್ಷ ಆಗಿರ್ಬೇಕು, ಥಿಯಾಲಜಿ ಪಾಠ ಮಾಡೋಕೆ 35 ಆಗಿರ್ಬೇಕು. ಈ ವಯಸ್ಸಿನ ಮಿತಿ ಕಥೆಗಾರರಿಗೆ ಬಂಗಾರ. ನಿಮ್ಮ ಹೀರೋ ಹದಿನೆಂಟಕ್ಕೇ ಎಲ್ಲ ಕಲಿತುಬಿಟ್ಟ ಅಂತಿಟ್ಕೊಳ್ಳಿ, ಇನ್ನು ಹದಿನೇಳು ವರ್ಷ ಸುಮ್ನೆ ಕೂತಿರು ಅಂತಾರೆ, ಅವನೇನು ಕೂರ್ತಾನಾ?

ಮೂರ್ನೇದು ಸರ್ಕಾರಿ ಪರೀಕ್ಷೆ, ಇದಕ್ಕೆ ಚೀನಾ. 1905ರಲ್ಲಿ ರದ್ದಾಗೋ ತನಕ ನೂರಾರು ವರ್ಷ ಅಧಿಕಾರಿಗಳನ್ನ ಪರೀಕ್ಷೆ ಇಟ್ಟೇ ಆರಿಸ್ತಿದ್ರು. ಮಿಂಗ್, ಚಿಂಗ್ ರಾಜವಂಶಗಳ ಕಾಲದಲ್ಲಿ ಊರ ಕಡೆ ಪಾಸಾದವನು ಷೆಂಗ್‌ಯುವಾನ್, ಪ್ರಾಂತ್ಯದಲ್ಲಿ ಪಾಸಾದ್ರೆ ಜೂರೆನ್, ರಾಜಧಾನೀಲಿ ಪಾಸಾದ್ರೆ ಜಿನ್‌ಶಿ. ನಾನ್‌ಜಿಂಗ್‌ನ ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಗೂಡುಗಳಿದ್ವು, ಬಾಗಿಲಿಲ್ಲ, ಒಳಗೆ ಎರಡು ಹಲಗೆ, ಹಗಲು ಒಂದು ಮೇಜು ಒಂದು ಸೀಟು, ರಾತ್ರಿ ಎರಡೂ ಸೇರ್ಸಿದ್ರೆ ಮಂಚ, ಅದರ ಮೇಲೆ ಮುದುರ್ಕೊಂಡು ಮಲಗೋದು. ಕೈಬರಹ ನೋಡಿ ಗುರುತು ಹಿಡೀಬಾರ್ದು ಅಂತ ಉತ್ತರಪತ್ರಿಕೆನೆಲ್ಲ ಗುಮಾಸ್ತರ ಕೈಲಿ ಮತ್ತೆ ಬರೆಸಿ, ಹೆಸರು ಮುಚ್ಚಿ ಆಮೇಲೆ ಪರೀಕ್ಷಕರಿಗೆ ಕೊಡ್ತಿದ್ರು. ಈಗ ಇದನ್ನ ಮ್ಯಾಜಿಕ್‌ಗೆ ತಿರುಗ್ಸಿ. ಯಾರು ಮಾಡಿದ ಮಂತ್ರ ಅಂತ ಗೊತ್ತಾಗದೇ ಇರೋ ಹಂಗೆ ಪರೀಕ್ಷೆ ಮಾಡೋದು ಹೆಂಗೆ? ಕಾಪಿ ಹೊಡಿಯೋದು ಹೆಂಗೆ? ಮಂತ್ರ ಬರೆದ ಕಾಗದನ ಮತ್ತೊಬ್ಬ ನಕಲು ಮಾಡ್ತಾ ಒಂದಕ್ಷರ ತಪ್ಪಿದ್ರೆ ಯಾರ ಕಣ್ಣು ಹೋಗತ್ತೆ? ಪಾಸಾದವನಿಗೆ ಏನು ಸಿಗತ್ತೆ ಅನ್ನೋದನ್ನೂ ಬರೀರಿ, ಅಲ್ಲಿ ಕೆಳಗಿನ ಮೆಟ್ಲು ಹತ್ತಿದವನಿಗೇ ಬಿಟ್ಟಿ ಚಾಕರಿಯಿಂದ ವಿನಾಯ್ತಿ ಇತ್ತು. ಆ ಡಿಗ್ರಿ ಉಳಿಸ್ಕೊಳ್ಳೋಕೆ ಆಗಾಗ ಮತ್ತೆ ಪರೀಕ್ಷೆ ಬರೀಬೇಕಿತ್ತು ಅನ್ನೋದು ಇನ್ನೂ ಮಜಾ. ರ‍್ಯಾಂಕ್ ಇಳಿಯೋಕೂ ಸಾಧ್ಯ ಅಂತ ಎಷ್ಟು ಜನ ಬರೆದಿದಾರೆ ಹೇಳಿ?

ಸರಿ, ಈಗ ಎಲ್ಲರೂ ಮರೆಯೋ ವಿಷ್ಯಕ್ಕೆ ಬರೋಣ, ದುಡ್ಡು. ಇನ್ನೂರು ಜನ ಮಕ್ಕಳು ಬೆಟ್ಟದ ಮೇಲೆ ಕೂತು ಮಂತ್ರ ಕಲೀತಾರೆ, ಅಕ್ಕಿ ಎಲ್ಲಿಂದ ಬರತ್ತೆ?

ಇದಕ್ಕೆ ನಮ್ಮಲ್ಲೇ ಭರ್ಜರಿ ಉದಾಹರಣೆ ಇದೆ. ವಿಜಯಪುರ ಜಿಲ್ಲೆ ಇಂಡಿ ಹತ್ರ ಸಾಲೋಟಗಿ ಅಂತ ಊರು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ 945ರ ಶಾಸನದಲ್ಲಿ ಅಲ್ಲಿದ್ದ ವಿದ್ಯಾಶಾಲೆಯ ಲೆಕ್ಕ ಇದೆ. ಕಟ್ಟಿಸಿದವನು ರಾಜನ ಮಂತ್ರಿ ನಾರಾಯಣ. ಬೇರೆ ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಅವರ ಖರ್ಚಿಗೆ ಜಮೀನು, ದೀಪದ ಎಣ್ಣೆಗೆ ಅಂತಾನೇ 12 ನಿವರ್ತನ (ಆಗಿನ ಕಾಲದ ಜಮೀನಿನ ಅಳತೆ) ಜಮೀನು ಬೇರೆ, ಮುಖ್ಯ ಗುರುಗೆ 50 ನಿವರ್ತನ. ಇದೂ ಸಾಲದು ಅಂತ ಊರಲ್ಲಿ ಮದುವೆ ಆದ್ರೆ ಶಾಲೆಗೆ ಐದು ನಾಣ್ಯ, ಉಪನಯನ ಆದ್ರೆ ಎರಡೂವರೆ, ಚೌಲಕ್ಕೆ, ಅಂದ್ರೆ ಮಗುವಿನ ಮೊದಲ ಕೂದಲು ತೆಗೆಸೋ ಶಾಸ್ತ್ರಕ್ಕೆ, ಒಂದೂಕಾಲು. ಓದಿದ್ರಾ, ದೀಪದ ಎಣ್ಣೆಗೆ ಬೇರೆ ಜಮೀನು! ಇಂಥ ಒಂದು ವಿವರ ನಿಮ್ಮ ಶಾಲೆಗೆ ಇದ್ರೆ ಓದುಗ ಆ ಜಾಗ ನಿಜ ಅಂತ ನಂಬ್ತಾನೆ. ಮದುವೆಗೆ ಕೊಡೋ ಆ ಐದು ನಾಣ್ಯನೂ ಬಿಡ್ಬೇಡಿ, ಬರಗಾಲ ಬಂದು ಊರಲ್ಲಿ ಮದುವೆಗಳೇ ನಿಂತ್ರೆ ಶಾಲೆ ಗತಿ ಏನು, ಊರವರು ನಾವು ದುಡ್ಡು ಕೊಟ್ಟಿದೀವಿ ಬಂದು ಮಳೆ ತರ್ಸಿ ಅಂತ ಗೇಟ್ ಮುಂದೆ ಬಂದು ನಿಂತ್ರೆ ಗುರುಗಳು ಏನು ಹೇಳ್ತಾರೆ.

ಚಿತ್ತಾಪುರದ ಹತ್ರ ನಾಗಾವಿ ಘಟಿಕಾಸ್ಥಾನದ (ಘಟಿಕೆ ಅಂದ್ರೆ ಆಗಿನ ದೊಡ್ಡ ವಿದ್ಯಾಶಾಲೆ) 1058ರ ಶಾಸನದಲ್ಲಿ ಸರಸ್ವತೀ ಭಂಡಾರಿಗರು ಅಂತ ಬರ್ತಾರೆ, ಪುಸ್ತಕ ನೋಡ್ಕೊಳ್ಳೋರು. ಮಂತ್ರದ ಶಾಲೇಲಿ ಇವರೇ ಅತೀ ಡೇಂಜರ್ ಜನ, ಯಾವ ಓಲೆ ಯಾರ ಕೈಗೆ ಹೋಗ್ಬೇಕು ಅಂತ ತೀರ್ಮಾನ ಇವರದ್ದು. ಬಳ್ಳಿಗಾವಿ ಕೋಡಿಯಮಠದ 1162ರ ಶಾಸನ ಓದಿದ್ರೆ ಅಲ್ಲಿ ವ್ಯಾಕರಣ, ದರ್ಶನ, ಯೋಗ, ಪುರಾಣ ಪಾಠ ಆಗ್ತಿತ್ತು, ಅದೇ ಜಾಗದಲ್ಲಿ ಬಡವರಿಗೆ ಊಟ, ರೋಗಿಗಳಿಗೆ ಔಷಧಿ, ಹೆದರಿ ಬಂದವರಿಗೆ ಆಶ್ರಯ. ಶಾಲೆ ಅಂದ್ರೆ ಬರೀ ಕ್ಲಾಸ್‌ರೂಮ್ ಆಗಿರ್ಬೇಕಾಗಿಲ್ಲ.

ಊರಿಗೂ ಶಾಲೆಗೂ ಜಗಳ ಇಡಿ, ದಯವಿಟ್ಟು ಇಡಿ. ಆಕ್ಸ್‌ಫರ್ಡ್‌ನಲ್ಲಿ 1355ರ ಫೆಬ್ರವರಿ 10ಕ್ಕೆ ಹೆಂಡದಂಗಡೀಲಿ ವೈನ್ ಚೆನ್ನಾಗಿಲ್ಲ ಅಂತ ಸ್ಟೂಡೆಂಟ್‌ಗಳು ತೆಗೆದ ತಕರಾರು ಎರಡು ಮೂರು ದಿನದ ಹೊಡೆದಾಟ ಆಗಿ ಹತ್ತಾರು ಜನ ಸತ್ರು, ಅದಕ್ಕೆ ಪ್ರಾಯಶ್ಚಿತ್ತ ಅಂತ ಊರಿನ ಮೇಯರ್ ವರ್ಷ ವರ್ಷ ತಲೆ ತಗ್ಗಿಸ್ಕೊಂಡು ಬರೋದು 1825ರವರೆಗೂ ನಡೀತು. ಅವರ ಕೈಲಿ ಮಂತ್ರ ಇರ್ಲಿಲ್ಲ, ಬಿಲ್ಲು ಬಾಣ ದೊಣ್ಣೆ ಅಷ್ಟೆ.

ಒಳಗಿನ ದಿನಚರಿ ಹೆಂಗಿರ್ಬೇಕು ಅಂತ ಕೇಳಿದ್ರೆ ನಾನು ಯಕ್ಷಗಾನ ಮೇಳದ ಚೌಕಿ, ಅಂದ್ರೆ ಬಣ್ಣ ಹಚ್ಕೊಳ್ಳೋ ಜಾಗ, ನೋಡಿ ಅಂತೀನಿ. ಹಳೇ ಕ್ರಮದಲ್ಲಿ ಹೊಸ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಹಿಂಗೇ ವರ್ಷಗಟ್ಟಲೆ ಸವೆಸಿ ದೊಡ್ಡ ವೇಷಕ್ಕೆ ಬರೋದು. ಚೌಕೀಲಿ ಯಾರು ಎಲ್ಲಿ ಕೂತು ಬಣ್ಣ ಹಚ್ಕೋಬೇಕು ಅನ್ನೋದಕ್ಕೂ ಕ್ರಮ ಇದೆ, ಚಿಕ್ಕೋನು ಹೋಗಿ ದೊಡ್ಡ ವೇಷದವರ ಜಾಗದಲ್ಲಿ ಕೂರೋ ಹಂಗಿಲ್ಲ. ಯಾರೂ ಎದೆ ಮೇಲೆ ಬ್ಯಾಡ್ಜ್ ಹಾಕ್ಕೊಂಡಿಲ್ಲ, ಕೂತಿರೋ ಜಾಗ ನೋಡಿದ್ರೇ ರ‍್ಯಾಂಕ್ ಗೊತ್ತಾಗತ್ತೆ. ನಿಮ್ಮ ಮಾಂತ್ರಿಕರಿಗೂ ಹಂಗೇ ಮಾಡಿ: ಊಟದ ಪಂಕ್ತೀಲಿ ಯಾರ ಎಲೆ ಎಲ್ಲಿ, ಯಾರು ಯಾರಿಗೆ ಬಡಿಸ್ತಾರೆ, ಯಾರು ಎಲೆ ಎತ್ತಬೇಕು. ಹೊಸಬಳು ಗೊತ್ತಿಲ್ದೆ ತಪ್ಪು ಜಾಗದಲ್ಲಿ ಕೂತು ಇಡೀ ಸಾಲು ಗಪ್‌ಚುಪ್ ಆದ್ರೆ ನೀವು ಎರಡು ಪೇಜ್ ವಿವರಣೆ ಬರೆಯೋದು ಉಳೀತು.

ಈಗ ನಾನೇ ಒಂದು ಕಟ್ಟಿ ತೋರಿಸ್ತೀನಿ. ಒಂದು ಬಯಲುಸೀಮೆ ನಾಡು, ಮ್ಯಾಜಿಕ್ ಅಂದ್ರೆ ಮಳೆ ಕರೆಯೋದು. ಆದ್ರೆ ಮಳೆ ಹೊಸದಾಗಿ ಹುಟ್ಟಲ್ಲ, ಇಲ್ಲಿ ಸುರಿದಷ್ಟು ಪಕ್ಕದ ಊರಿಗೆ ಖೋತಾ. ಅಪಾಯ ಬೇರೆಯವರಿಗೆ, ಹಂಗಾಗಿ ಕಾವಲು ಬೇಕು. ಮೊದಲ ಮೆಟ್ಲಿನವರು ಬರೀ ನೀರು ಹೊರ್ತಾರೆ, ಮೋಡ ನೋಡ್ತಾರೆ, ಬಾಯಿ ಬಿಡೋ ಹಂಗಿಲ್ಲ. ಎರಡ್ನೇಯವರು ಗುರು ಕಣ್ಣೆದುರಿಗೆ ಒಂದು ಬಾನಿ ತುಂಬೋಷ್ಟು ಕರೀಬಹುದು. ಮೂರ್ನೇಯವರು ಒಂದು ಹೊಲಕ್ಕೆ, ಆದ್ರೆ ಪ್ರತೀ ಸಲ ಗುರುವಿನ ಮುದ್ರೆ ಬೇಕು. ನಾಲ್ಕ್ನೇಯವರು ಇಡೀ ಹೋಬಳಿಗೆ, ಆಚೆ ಈಚೆ ಎರಡು ಊರಿನ ಗೌಡರು ಒಪ್ಪಿದ್ರೆ ಮಾತ್ರ. ಐದನೇಯವರ ಕೆಲಸ ಮಳೆ ತರ್ಸೋದೇ ಅಲ್ಲ, ಬೇರೆಯವರು ಕರೆದ ಮಳೆನ ತಡೆಯೋದು, ಅಂಥೋರು ಒಂದು ಕಾಲಕ್ಕೆ ಮೂರೇ ಜನ, ಒಬ್ಬರು ಸತ್ರೆ ಮಾತ್ರ ಜಾಗ ಖಾಲಿ.

ಮೂರನೇ ಮೆಟ್ಲಿನ ಒಬ್ಬಳು ಹುಡುಗಿ ಇದಾಳೆ ಅನ್ಕೊಳ್ಳಿ, ಶಕ್ತೀಲಿ ಗುರುನೇ ಮೀರ್ಸಿದಾಳೆ. ಗುರು ಊರಲ್ಲಿಲ್ಲ. ರಾಗಿ ಪೈರು ಒಣಗ್ತಾ ಇದೆ, ಹೊಲದೋನು ಕಾಲು ಹಿಡ್ಕೊಂಡ. ಅವಳು ಕರೆದ್ರೆ ಬರತ್ತೆ, ಎಷ್ಟು ಬರತ್ತೆ ಅಂತ ಅವಳಿಗೇ ಗೊತ್ತಿಲ್ಲ, ಬದುವಿನ ಆಚೆ ಹೊಲ ಅವಳ ಚಿಕ್ಕಪ್ಪಂದು. ಇಲ್ಲಿ ಲೆವೆಲ್ ನಂಬರ್ ಯಾರಿಗೆ ಬೇಕು ಹೇಳಿ.

ಬಿಟ್ಟು ಹೋದವರನ್ನೂ ಮರೀಬೇಡಿ, ಫೇಲಾದವರು, ಓಡಿಹೋದವರು, ಹೊರಗೆ ಹಾಕಿಸ್ಕೊಂಡವರು. ತಾಳಗುಂದ ಶಾಸನದ ಕಥೆ ಗೊತ್ತಲ್ವಾ, ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ದರ್ಭೆ ಹಿಡಿದಿದ್ದ ಕೈಲಿ ಕತ್ತಿ ಹಿಡಿದ, ಕದಂಬ ರಾಜ್ಯ ಹುಟ್ತು. ಅರ್ಧ ಕಲಿತ ಮಾಂತ್ರಿಕ ಶಾಲೆಯಿಂದ ಆಚೆ ಬಂದ್ರೆ ಶಾಲೆ ಏನು ಮಾಡತ್ತೆ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ನೆನಪು ಅಳಿಸ್ತಾರಾ, ಬೆರಳು ಕತ್ತರಿಸ್ತಾರಾ, ಇಲ್ಲಾ ಸುಮ್ನೆ ಬಿಟ್ಟು ಪಶ್ಚಾತ್ತಾಪ ಪಡ್ತಾರಾ. ಲೈಸೆನ್ಸ್ ಇಲ್ದೆ ಸಂತೇಲಿ ಕೂತು ಹಲ್ಲುನೋವಿಗೆ ಮಂತ್ರ ಹಾಕೋ ಇಂಥವನೊಬ್ಬ ಇದ್ರೆ ಜನ ಶಾಲೆಯೋರಿಗಿಂತ ಅವನನ್ನೇ ಜಾಸ್ತಿ ಇಷ್ಟಪಡ್ತಾರೆ, ಫೀಸ್ ಕಮ್ಮಿ ಅಲ್ವಾ.

ಮೆಟ್ಲು ನಾಲ್ಕೈದು ಸಾಕು, ಹನ್ನೆರಡು ಮಾಡಿದ್ರೆ ನಿಮಗೇ ನೆನಪಿರಲ್ಲ. ಹೆಸರು ಸಂಸ್ಕೃತದ ಉದ್ದುದ್ದ ಸಮಾಸ ಬೇಡ, ಅಡುಗೆಮನೇಲಿ ಕೂಗಿ ಕರೆಯೋ ಹಂಗಿರ್ಲಿ. ಮೊದಲ ಅಧ್ಯಾಯದಲ್ಲೇ ಎಲ್ಲಾ ಮೆಟ್ಲು ಪಟ್ಟಿ ಹಾಕ್ಬೇಡಿ, ಹೀರೋ ನಿಂತಿರೋದು ಮತ್ತೆ ಅದರ ಮೇಲಿನದು ಎರಡು ಗೊತ್ತಾದ್ರೆ ಸದ್ಯಕ್ಕೆ ಸಾಕು, ಉಳಿದಿದ್ದು ಅವನಿಗೆ ಯಾರಾದ್ರೂ "ಆಗಲ್ಲ, ನಿಂಗೆ ಪರ್ಮಿಷನ್ ಇಲ್ಲ" ಅಂದಾಗೆಲ್ಲ ಒಂದೊಂದಾಗಿ ಹೊರಗೆ ಬರ್ಲಿ.