ಟ್ರಾಮ್ ಪ್ರಶ್ನೆಯನ್ನು ನಾನು ಪಾಠ ಮಾಡುವ ಬಗೆ

ಬ್ರೇಕ್ ಕೈಕೊಟ್ಟ ಟ್ರಾಮ್ ನುಗ್ಗಿ ಬರುತ್ತಿದೆ. ಮುಂದಿನ ಹಳಿಯ ಮೇಲೆ ಐವರು ಕೆಲಸಗಾರರು, ಪಕ್ಕದ ಹಳಿಯಲ್ಲಿ ಒಬ್ಬ. ಹಳಿ ಬದಲಿಸುವ ಲಿವರ್ ಎಳೆದರೆ ಐವರು ಉಳಿಯುತ್ತಾರೆ, ಆ ಒಬ್ಬ ಸಾಯುತ್ತಾನೆ. ನೀತಿಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆ ಮುಂದಿಟ್ಟಾಗ ನಾನು ಕೈ ಎತ್ತಿಸುವುದಿಲ್ಲ. ಹಾಗೆ ಮಾಡಿದರೆ ಅರ್ಧ ತರಗತಿ ಉಳಿದರ್ಧದ ಕೈ ನೋಡಿಕೊಂಡು ತೀರ್ಮಾನಿಸುತ್ತದೆ. ಪ್ರತಿಯೊಬ್ಬರೂ ತಮ್ಮ ನಿರ್ಧಾರವನ್ನೂ ಅದರ ಕಾರಣವನ್ನೂ ಹಾಳೆಯಲ್ಲಿ ಬರೆಯಬೇಕು.

ಹಾಳೆಗಳನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಿರುತ್ತೇನೆ. ಒಂದರಲ್ಲಿ ಲಿವರ್ ಮೊದಲು. ಇನ್ನೊಂದರಲ್ಲಿ, ಮೇಲ್ಸೇತುವೆಯಿಂದ ದಢೂತಿ ಮನುಷ್ಯನೊಬ್ಬನನ್ನು ಹಳಿಯ ಮೇಲೆ ತಳ್ಳಿ ಟ್ರಾಮ್ ನಿಲ್ಲಿಸುವ ಪ್ರಸಂಗ ಮೊದಲು. ತಳ್ಳುವ ಪ್ರಸಂಗವನ್ನು ಮೊದಲು ಓದಿದವರು ಆಮೇಲೆ ಲಿವರ್ ಎಳೆಯಲೂ ಹಿಂಜರಿಯುತ್ತಾರೆ. ಸಂಶೋಧಕರು ಈ ಅನುಕ್ರಮದ ಪ್ರಭಾವವನ್ನು ತತ್ವಶಾಸ್ತ್ರದ ಪ್ರಾಧ್ಯಾಪಕರಲ್ಲಿಯೂ ಕಂಡಿದ್ದಾರೆ. ಇದನ್ನು ತಿಳಿಸಿದಾಗ ತರಗತಿಗೆ ಸಿಟ್ಟು ಬರುತ್ತದೆ. ಬರಲಿ. ತಮ್ಮ ಅನಿಸಿಕೆಯನ್ನು ತಾವೇ ಅನುಮಾನಿಸದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದಿಡಲಾಗದು.

ಬ್ರಿಟಿಷ್ ತತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಗರ್ಭಪಾತದ ಕುರಿತ ಲೇಖನವೊಂದರಲ್ಲಿ ಈ ಉದಾಹರಣೆ ಕೊಟ್ಟಾಗ ನಿರ್ಧಾರ ಟ್ರಾಮಿನ ಚಾಲಕನದಾಗಿತ್ತು. ಅವನು ಯಾವ ಕಡೆಗೆ ತಿರುಗಿದರೂ ಕೊಲ್ಲುತ್ತಾನೆ. ಹಾಗಾಗಿ ಕಡಿಮೆ ಜನರನ್ನು ಕೊಲ್ಲುವುದು ಸರಿ. ಐವರು ರೋಗಿಗಳನ್ನು ಉಳಿಸಲು ಆರೋಗ್ಯವಂತನೊಬ್ಬನ ಅಂಗಾಂಗ ಕೀಳುವ ಶಸ್ತ್ರವೈದ್ಯನ ಸ್ಥಿತಿ ಬೇರೆ. ಅವನ ಎದುರಿಗಿರುವುದು ಐವರನ್ನು ಸಾಯಲು ಬಿಡುವುದು ಅಥವಾ ಒಬ್ಬನನ್ನು ಕೊಲ್ಲುವುದು. ಈ ವಿವರಣೆಯಿಂದ ತರಗತಿ ನಿಟ್ಟುಸಿರು ಬಿಡುತ್ತದೆ. ಆದರೆ 1985ರಲ್ಲಿ ಅಮೆರಿಕದ ತತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ಚಾಲಕನನ್ನು ಬದಿಗಿಟ್ಟು ಲಿವರ್ ಪಕ್ಕದಲ್ಲಿ ದಾರಿಹೋಕನೊಬ್ಬನನ್ನು ನಿಲ್ಲಿಸಿದರು. ಅವನು ಸುಮ್ಮನಿದ್ದರೆ ಯಾರನ್ನೂ ಕೊಂದಂತಾಗುವುದಿಲ್ಲ, ಎಳೆದರೆ ಕೊಂದಂತೆ. ಅಂದರೆ ಅವನೂ ವೈದ್ಯನ ಸಾಲಿಗೇ ಸೇರಿದ. ಆದರೂ ಹೆಚ್ಚಿನವರು ಎಳೆಯಲಿ ಎನ್ನುತ್ತಾರೆ, ವೈದ್ಯನನ್ನು ಮಾತ್ರ ಜೈಲಿಗೆ ಕಳುಹಿಸುತ್ತಾರೆ. ಏಕೆ? ಇಲ್ಲಿ ನಾನು ಸಮಯ ನೋಡುವುದಿಲ್ಲ. ಒಂದು ಇಡೀ ತರಗತಿ ಇದಕ್ಕೇ ಹೋದರೂ ಸರಿ.

ಒಮ್ಮೆ ಹಿಂದಿನ ಬೆಂಚಿನಿಂದ ಬಂದ ಹಾಳೆಯಲ್ಲಿ ಉತ್ತರವೇ ಇರಲಿಲ್ಲ, ಒಂದು ಪ್ರಶ್ನೆ ಇತ್ತು: "ಮೇಡಂ, ಆ ಒಬ್ಬನನ್ನು ಯಾರಾದರೂ ಕೇಳಿದರಾ?" ಅಂದಿನಿಂದ ನನ್ನ ಪಾಠದ ನಡುಭಾಗ ಅದೇ ಆಗಿದೆ.

ಇಂಥದ್ದೆಲ್ಲ ನಿಜವಾಗಿ ನಡೆಯುವುದಿಲ್ಲ ಎನ್ನುವವರಿಗೆ 1884ರ ಮಿನ್ಯೊನೆಟ್ ನೌಕೆಯ ಪ್ರಕರಣ ಹೇಳುತ್ತೇನೆ. ನೌಕೆ ಮುಳುಗಿ ನಾಲ್ವರು ಸಣ್ಣ ದೋಣಿಯಲ್ಲಿ ಉಳಿದಿದ್ದರು. ಹಸಿವು ಬಾಯಾರಿಕೆಗಳಿಂದ ಕಂಗೆಟ್ಟ ಡಡ್ಲಿ ಮತ್ತು ಸ್ಟೀವನ್ಸ್, ಕಾಯಿಲೆ ಬಿದ್ದಿದ್ದ ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಂದರು. ಉಳಿದ ಮೂವರು ಅವನ ಮಾಂಸ ತಿಂದು ಬದುಕಿದರು. ಚೀಟಿ ಎತ್ತಲಿಲ್ಲ, ಹುಡುಗನನ್ನು ಕೇಳಲೂ ಇಲ್ಲ. ಅನಿವಾರ್ಯತೆ ಕೊಲೆಗೆ ಸಮರ್ಥನೆಯಾಗದು ಎಂದು ಇಂಗ್ಲೆಂಡಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ನಂತರ ಅದು ಆರು ತಿಂಗಳ ಸೆರೆವಾಸಕ್ಕೆ ಇಳಿಯಿತು. ಮೂವರ ಜೀವ ಉಳಿಯಿತಲ್ಲ ಎಂಬ ಲೆಕ್ಕ ಈ ಕಥೆ ಕೇಳಿದ ಮೇಲೂ ಕೆಲವರಿಗೆ ಸರಿಯೆನಿಸುತ್ತದೆ. ನನಗೆ ಎಂದೂ ಸರಿಯೆನಿಸಿಲ್ಲ.

ಕೊನೆಯ ಹಾಳೆಯಲ್ಲಿ ಮೂರನೆಯ ಹಳಿ ಇರುತ್ತದೆ, ಅದರ ಮೇಲೆ ಲಿವರ್ ಹಿಡಿದ ನೀವೇ ನಿಂತಿದ್ದೀರಿ. ದಾರಿಹೋಕ ಲಿವರ್ ಎಳೆಯಬಹುದೆಂಬ ತಮ್ಮ ಹಳೆಯ ನಿಲುವನ್ನು 2008ರಲ್ಲಿ ಥಾಮ್ಸನ್ ಬಿಟ್ಟದ್ದು ಇದೇ ದಾರಿಯಲ್ಲಿ: ಐವರಿಗಾಗಿ ನೀವೇ ಸಾಯಬೇಕೆಂದು ನೀತಿ ಒತ್ತಾಯಿಸದಿದ್ದರೆ, ಆ ಬೆಲೆಯನ್ನು ಇನ್ನೊಬ್ಬನಿಂದ ಕೇಳದೆಯೇ ವಸೂಲು ಮಾಡುವ ಹಕ್ಕು ನಿಮಗೆಲ್ಲಿಂದ ಬಂತು? ನಾನು ಅವರ ಪಕ್ಷ. ಈ ಹಾಳೆಯನ್ನು ಯಾರೂ ಗಟ್ಟಿಯಾಗಿ ಓದುವಂತಿಲ್ಲ, ಹೆಸರೂ ಬರೆಯುವಂತಿಲ್ಲ.

ಹಾಗೆ ಬಂದ ಹಾಳೆಗಳಲ್ಲಿ ಒಂದು ವಾದ ನನ್ನನ್ನು ಈಗಲೂ ಕಾಡುತ್ತದೆ: "ಸಾಯಲು ನನಗೆ ಧೈರ್ಯವಿಲ್ಲ ಎಂಬುದು ನನ್ನ ದೌರ್ಬಲ್ಯ. ನನ್ನ ದೌರ್ಬಲ್ಯಕ್ಕಾಗಿ ಐವರು ಏಕೆ ಸಾಯಬೇಕು?" ಥಾಮ್ಸನ್ ವಾದದ ವಿರುದ್ಧ ನಾನು ಕೇಳಿರುವ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಈಗ ಪ್ರತಿ ವರ್ಷ ಇದನ್ನು ಕಪ್ಪುಹಲಗೆಯ ಮೇಲೆ ಬರೆದು, ಮುಂದಿನ ತರಗತಿಗೆ ಉತ್ತರ ಬರೆದು ತರಲು ಹೇಳುತ್ತೇನೆ. ನಾನೂ ಒಂದು ಬರೆದುಕೊಂಡು ಹೋಗುತ್ತೇನೆ.